ರೂತಮ್ಮನ ಹೊಸ್ತಿಲಲ್ಲಿ ಬಿಟ್ಟ ಚಪ್ಪಲಿ

ಯಾದಗಿರಿ ಸ್ಟೇಷನ್

ವಿದೇಶ ಸುತ್ತಿ ಬಂದವರು ಬರೆದದ್ದನ್ನು ನಾನೂ ಅಷ್ಟಿಷ್ಟು ಓದಿದ್ದೇನೆ. ಎಲ್ಲರಿಗೂ ವಿಮಾನದ ಕಿಟಕಿಯಲ್ಲಿ ಹಿಂಜಿದ ಹತ್ತಿಯಂಥ ಮೋಡ ಕಂಡಿರುತ್ತದೆ. ನನಗೆ ಕಿಟಕಿ ಸಿಗಲಿಲ್ಲ. ನಡುವಿನ ಸೀಟಿನಲ್ಲಿ ಕೂತು, ಊದಿಕೊಂಡ ನನ್ನ ಪಾದಗಳನ್ನೇ ನೋಡುತ್ತ ಅಮೆರಿಕ ಮುಟ್ಟಿದೆ. ಮೋಡದ ವರ್ಣನೆ ಬೇಕಾದವರು ಬೇರೆಯವರ ಪುಸ್ತಕ ನೋಡಬಹುದು.

ನಾನು ಶಹಾಪುರಕ್ಕೂ ಸುರಪುರಕ್ಕೂ ನಡುವಿನ ಒಂದು ಸಣ್ಣ ಊರಿನ ಪಟ್ಟಣ ಪಂಚಾಯಿತಿ ಸದಸ್ಯೆ. ಊರಿನ ಹೆಸರು ಬರೆಯುವುದಿಲ್ಲ, ಇನ್ನೂ ಅಲ್ಲೇ ಬಾಳುವೆ ಮಾಡಬೇಕು. ಹಳೇ ಬಜಾರಿನಲ್ಲಿ ನನ್ನದೊಂದು ಗುಂಡಿ, ದಾರ, ಲೇಸು, ಸೀರೆ ಫಾಲಿನ ಅಂಗಡಿಯಿದೆ. ಮಾವನವರು ಇಟ್ಟದ್ದು, ನನ್ನ ಯಜಮಾನರು ನಡೆಸಿದ್ದು, ಅವರು ತೀರಿಕೊಂಡ ಮೇಲೆ ನನ್ನ ಕೊರಳಿಗೆ ಬಿದ್ದದ್ದು.

ನಾರಾಯಣಪುರದ ಕಾಲುವೆ ನೀರು ಬಂದದ್ದೇ ಬಂದದ್ದು, ನಮ್ಮೂರು ಎದ್ದು ಕಾಲುವೆ ರಸ್ತೆಗೆ ಹೋಗಿ ಕೂತಿತು. ಭತ್ತದ ಮಿಲ್ಲು, ಗೊಬ್ಬರದಂಗಡಿ, ಟ್ರ್ಯಾಕ್ಟರ್ ಶೋರೂಮು, ಕನ್ನಡಿ ಬಾಗಿಲಿನ ಬಟ್ಟೆ ಅಂಗಡಿ ಎಲ್ಲವೂ ಅಲ್ಲಿ. ಹಳೇ ಬಜಾರಿನಲ್ಲಿ ಉಳಿದವರು ನಾನು, ಪಾತ್ರೆಗೆ ಕಲಾಯಿ ಹಾಕುವ ಬಾಷಾಸಾಬ, ನಾಲ್ಕು ಜನ ಬಳೆಗಾರರು, ದರ್ಜಿಗಳು, ಮತ್ತೆ ಹಂದಿಗಳು. ಮಳೆ ಬಂದರೆ ಮಾಳಿಗೆಯ ಮಣ್ಣು ಲೇಸಿನ ಸುರುಳಿಯ ಮೇಲೆ ಉದುರುತ್ತದೆ. ಚರಂಡಿಯ ವಿಷಯ ಊಟ ಮಾಡುವವರು ಓದುತ್ತಿರಬಹುದು ಎಂದು ಬಿಡುತ್ತೇನೆ.

ಪಂಚಾಯಿತಿಯಲ್ಲಿ ಒಂದು ಪ್ರಸ್ತಾವ ಬಂದಿತ್ತು. ಹಳೇ ಬಜಾರನ್ನು ಹಾಳುಬಿದ್ದ ಪ್ರದೇಶವೆಂದು ಘೋಷಿಸಿ, ಪೂರ್ತಿ ಕೆಡವಿ, ಅಲ್ಲಿ ಕಾಂಪ್ಲೆಕ್ಸ್ ಕಟ್ಟಿಸುವುದು. ಜಾಗ ಸ್ವಂತದ್ದಿದ್ದವರಿಗೆ ಕಾಂಪ್ಲೆಕ್ಸಿನಲ್ಲಿ ಒಂದೊಂದು ಮಳಿಗೆ ಸಿಗುತ್ತಿತ್ತು. ಬಾಡಿಗೆಯವರ ಬಗ್ಗೆ ಪ್ರಸ್ತಾವದಲ್ಲಿ ಒಂದು ಮಾತೂ ಇರಲಿಲ್ಲ. ನನ್ನದು ಸ್ವಂತ ಜಾಗ. ಬಾಷಾಸಾಬ, ಬಳೆಗಾರರು, ದರ್ಜಿಗಳು ಎಲ್ಲ ಬಾಡಿಗೆಯವರು. ನಾನು ಪ್ರಸ್ತಾವದ ಪರವಾಗಿದ್ದೆ. ಪರವಾಗಿ ಯಾಕೆ ಎಂದು ಕೇಳಿದರೆ ಒಂದೇ ಉತ್ತರ: ಸಾಕಾಗಿತ್ತು. ಮಣ್ಣು ಗುಡಿಸಿ ಗುಡಿಸಿ ಸೊಂಟ ಬಿದ್ದುಹೋಗಿತ್ತು.

ಅಷ್ಟರಲ್ಲಿ ಒಂದು ಸೇವಾ ಸಂಸ್ಥೆಯವರು ನಮ್ಮಂಥ ಸಣ್ಣ ಊರಿನವರನ್ನು ಅಮೆರಿಕದ ಸಣ್ಣ ಊರಿಗೆ ಕರೆದೊಯ್ದು, ಅಲ್ಲಿ ಹಳೇ ಪೇಟೆಗಳನ್ನು ಹೇಗೆ ಹೊಸದು ಮಾಡುತ್ತಾರೆಂದು ತೋರಿಸುತ್ತೇವೆ ಎಂದರು. ಹೊರಟವರು ಮೂವರು. ನಾನು, ನಮ್ಮ ಅಧ್ಯಕ್ಷ ಮಲ್ಲಣ್ಣ, ಮತ್ತು ನಮ್ಮ ಬಾಯಾಗಿ ಯಾದಗಿರಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಸುಧಾ ಮೇಡಂ. ಚಳಿ ದೇಶವೆಂದು ಯಾದಗಿರಿಯಲ್ಲಿ ಬೂಟು ಕೊಂಡಿದ್ದೆ. ಅಲ್ಲಿನ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹೈದರಾಬಾದಿನ ವಿಮಾನ ನಿಲ್ದಾಣ ಮುಟ್ಟುವಷ್ಟರಲ್ಲಿ ಎರಡೂ ಹಿಮ್ಮಡಿಯಲ್ಲಿ ಗುಳ್ಳೆ. ಬೂಟನ್ನು ಚೀಲಕ್ಕೆ ಹಾಕಿ, ಸಾಕ್ಸಿನ ಮೇಲೆ ನನ್ನ ಹಳೇ ಚಪ್ಪಲಿ ಮೆಟ್ಟಿಕೊಂಡೆ. ಸುಧಾ ಮೇಡಂ ಸ್ವಲ್ಪ ದೂರ ನಿಂತರು.

ಕಾಲುವೆ ಊರು

ನಾವು ಹೋದ ಊರೂ ಕಾಲುವೆಯ ಊರೇ. ನಮ್ಮಲ್ಲಿ ಕಾಲುವೆ ಬಂದು ಹಳೇ ಬಜಾರು ಕೆಟ್ಟಿತು, ಅವರಲ್ಲಿ ಕಾಲುವೆ ನಿಂತು. ಒಂದು ಕಾಲಕ್ಕೆ ದೋಣಿಯಲ್ಲಿ ಗೋಧಿ, ಕಟ್ಟಿಗೆ, ಬಟ್ಟೆ ಎಲ್ಲ ಆ ನೀರಿನ ಮೇಲೆಯೇ ಹೋಗುತ್ತಿತ್ತಂತೆ. ಈಗ ಅದರ ದಂಡೆಯ ಮೇಲೆ ಜನ ಸುಮ್ಮಸುಮ್ಮನೆ ಓಡುತ್ತಾರೆ. ಯಾರೂ ಅಟ್ಟಿಸಿಕೊಂಡು ಬಂದಿರುವುದಿಲ್ಲ, ಬಸ್ಸೂ ತಪ್ಪಿಹೋಗಿರುವುದಿಲ್ಲ. ಓಡಿ ಓಡಿ ಹೊರಟಲ್ಲಿಗೇ ಬಂದು ನಿಲ್ಲುತ್ತಾರೆ.

ಮಲ್ಲಣ್ಣನಿಗೆ ಇಳಿದ ಗಳಿಗೆಯಿಂದ ಎಲ್ಲವೂ ಮೆಚ್ಚುಗೆಯೇ. ಪೇಟೆಬೀದಿಯ ನಡುವೆ ನಿಂತು ಎರಡೂ ಕೈ ಅಗಲಿಸಿ, "ಅಕ್ಕಾರ, ನೋಡ್ರಿ, ಒಂದ ಒಂದು ಹಂದಿ ಇಲ್ಲ!" ಎಂದ.

"ಹಂದಿ ಅಷ್ಟ ಏನು, ಮಂದಿನೂ ಇಲ್ಲಪಾ," ಎಂದೆ.

ನಿಜಕ್ಕೂ ಇರಲಿಲ್ಲ. ಇಟ್ಟಿಗೆಯ ಎತ್ತರದ ಕಟ್ಟಡಗಳು, ಅಡ್ಡ ಹಲಗೆ ಬಡಿದ ಕಿಟಕಿಗಳು, ಬಣ್ಣ ಸುಲಿದ ಬೋರ್ಡುಗಳು. ಜನ ಎಲ್ಲಿ ಎಂದರೆ ಊರ ಹೊರಗಿನ ದೊಡ್ಡ ಅಂಗಡಿಯಲ್ಲಿ ಎಂದರು. ಅಲ್ಲಿಗೆ ಕಾರಿಲ್ಲದೆ ಹೋಗುವ ಹಾಗೇ ಇಲ್ಲ. ನಡೆದು ಹೊರಟರೆ ಕಾರು ನಿಲ್ಲಿಸಿ, ಏನಾದರೂ ತೊಂದರೆಯಾಗಿದೆಯಾ ಎಂದು ಕೇಳುತ್ತಾರೆ. ಎದುರಿಗೆ ಸಿಕ್ಕವರೆಲ್ಲ ಹೇಗಿದ್ದೀರಿ ಎಂದು ಕೇಳುವುದೂ ನಿಜ. ನಾನು ಪ್ರತಿ ಸಲ ನಿಂತು, ಮೊಣಕಾಲಿನಿಂದ ಶುರು ಮಾಡಿ ಹೇಳಬೇಕೆನ್ನುವಷ್ಟರಲ್ಲಿ ಅವರು ದಾಟಿ ಹೋಗಿರುತ್ತಿದ್ದರು.

ಮಲ್ಲಣ್ಣನಿಗೆ ಒಬ್ಬ ಹಲ್ಲಿನ ಡಾಕ್ಟರ ಮನೆಯಲ್ಲಿ ವಸತಿ. ನನಗೂ ಸುಧಾ ಮೇಡಂಗೂ ಪೇಟೆಯಲ್ಲೇ, ಒಂದು ಅಂಗಡಿಯ ಮೇಲಿನ ಮಹಡಿಯಲ್ಲಿ. ಅಂಗಡಿಯ ಒಡತಿಯ ಹೆಸರು ರೂತ್. ನಮ್ಮ ಕಡೆ ಆ ಹೆಸರಿನವರು ಇದ್ದಾರೆ, ನನ್ನ ಬಾಯಿಗೆ ಸಲೀಸಾಗಿ ರೂತಮ್ಮ ಎಂದೇ ಬಂತು. ಆಕೆಗೂ ಅದು ಹಿಡಿಸಿತು. ನನಗಿಂತ ಸ್ವಲ್ಪ ಹಿರಿಯಳು. ಬೆಳ್ಳಗಿನ ಕೂದಲು, ಕೊರಳಲ್ಲಿ ಅಳತೆ ಪಟ್ಟಿ. ಏನು ವ್ಯಾಪಾರ ಎಂದು ಕೇಳಿಸಿದೆ. ಗುಂಡಿ, ದಾರ, ಲೇಸು, ಹೊಲಿಗೆ ಮಷೀನಿನ ರಿಪೇರಿ ಎಂದಳು. ಸುಧಾ ಮೇಡಂ ಕನ್ನಡದಲ್ಲಿ ಹೇಳುವ ಮೊದಲೇ ನನಗೆ ಅಂಗಡಿಯ ವಾಸನೆಯಿಂದ ಗೊತ್ತಾಗಿತ್ತು. ಮಷೀನಿನ ಎಣ್ಣೆ, ಹೊಸ ಬಟ್ಟೆ, ಹಳೇ ಕಟ್ಟಿಗೆ. ಅಷ್ಟು ದೂರ ಬಂದು ನನ್ನ ಅಂಗಡಿಗೇ ಬಂದು ಬಿದ್ದೆನಲ್ಲ ಎನಿಸಿ ಕಾಲು ಇನ್ನಷ್ಟು ನೋಯತೊಡಗಿತು.

ರೂತಮ್ಮನ ಅಂಗಡಿ

ಮರುದಿನ ಬೆಳಿಗ್ಗೆ ಮಲ್ಲಣ್ಣನೂ ಬಂದ. ರೂತಮ್ಮ ನಮ್ಮನ್ನು ಅಂಗಡಿಗೆ ಚಹಕ್ಕೆ ಕರೆದಿದ್ದಳು. ಮೇಲಿನಿಂದ ಕೆಳಗೆ ಬರಲು ಒಳಮೆಟ್ಟಿಲಿಲ್ಲ, ಹೊರಗಿನ ಮೆಟ್ಟಿಲಿಳಿದು ಬೀದಿಯಿಂದ ಒಳಗೆ ಹೋಗಬೇಕು. ನಮ್ಮ ಬಜಾರಿನಲ್ಲಿ ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟು, ಮೇಲೆ ಹತ್ತಿ, ಗಾದಿಯ ಮೇಲೆ ಕೂತರೇ ವ್ಯಾಪಾರ. ರೂತಮ್ಮನ ಅಂಗಡಿಯಲ್ಲಿ ಗಾದಿ ಇರಲಿಲ್ಲ. ಆದರೆ ಹೊಸ್ತಿಲ ಮುಂದೆ ನಿಂತ ಕೂಡಲೇ ಕಾಲು ತಾನೇ ಚಪ್ಪಲಿಯಿಂದ ಹೊರಗೆ ಬಂತು. ಹಿಂದೆಯೇ ಮಲ್ಲಣ್ಣ ಬೂಟು ಬಿಚ್ಚಿದ. ಸುಧಾ ಮೇಡಂ ಒಂದು ಕ್ಷಣ ಅತ್ತಿತ್ತ ನೋಡಿ, ನಾಚಿಕೊಂಡು, ಅವರೂ ಬಿಟ್ಟರು. ಮೂರೂ ಜೊತೆ ಬಾಗಿಲ ಪಕ್ಕದಲ್ಲಿ ಉಳಿದವು.

ಒಳಗೆ ಗೋಡೆಯ ತುಂಬ ಸಣ್ಣ ಸಣ್ಣ ಡ್ರಾಯರುಗಳು, ಪ್ರತಿಯೊಂದರ ಮುಂದೆ ಒಳಗಿರುವ ಗುಂಡಿಯನ್ನೇ ದಾರದಲ್ಲಿ ಹೊಲಿದಿತ್ತು. ನಾನೂ ಅಂಗಡಿಯಲ್ಲಿ ಹಾಗೇ ಮಾಡುತ್ತೇನೆ, ಡಬ್ಬಿಗಳಿಗೆ. ನಾವಿಬ್ಬರೂ ಅದನ್ನು ತೋರಿಸಿ ತೋರಿಸಿ ನಕ್ಕೆವು. ಚೀಲದಿಂದ ಶೇಂಗಾ ಹಿಂಡಿ, ಅಂದರೆ ನಮ್ಮ ಕಡೆಯ ಖಾರದ ಚಟ್ನಿಪುಡಿ, ತೆಗೆದು ಕೊಟ್ಟೆ. ಖಡಕ್ ರೊಟ್ಟಿ ವಿಮಾನದಲ್ಲಿ ಪುಡಿಯಾಗಿತ್ತು, ಆ ಪುಡಿಯ ಮೇಲೆ ಹಿಂಡಿ ಉದುರಿಸಿ ಚಮಚದಲ್ಲಿ ತಿಂದಳು. ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಚಮಚ ಹಾಕಿಸಿಕೊಂಡಳು.

ಆಮೇಲೆ ತನ್ನ ವಿಷಯ ಹೇಳಿದಳು. ಸುಧಾ ಮೇಡಂ ಒಂದೊಂದೇ ಮಾತು ನನ್ನ ಕಡೆ ತಿರುಗಿಸಿದರು.

"ನಾಳೆ ಸಂಜೀಗಿ ನಗರಸಭೆದಾಗ ಮೀಟಿಂಗ್ ಅದಂತ್ರಿ. ಈ ಸಾಲು ಪೂರ್ತಿ ಹಾಳುಬಿದ್ದದ ಅಂತ ಜಾಹೀರ ಮಾಡ್ತಾರಂತ. ಹಂಗ ಆತಂದ್ರ ಕಟ್ಟಡ ಎಲ್ಲ ತಗೊಂಡು ಬಿಲ್ಡರಿಗಿ ಕೊಡ್ತಾರ. ಕಟ್ಟಡದ ಮಾಲಕ ಬ್ಯಾರೆ ಊರಾಗ ಅದಾನ, ಅವಗ ಅವನ ರೊಕ್ಕ ಬರ್ತದ. ಈಕಿ ಬಾಡಗಿ ಅದಾಳ. ಈಕಿಗಿ ಏನೂ ಇಲ್ಲ."

ಮಲ್ಲಣ್ಣ ನನ್ನ ಮುಖ ನೋಡಿದ. ನಾನು ಚಹದ ಕಪ್ಪು ನೋಡಿದೆ.

ಆಗಲೇ ಹೊರಗೆ ಒಬ್ಬ ಎತ್ತರದ ಮನುಷ್ಯ ಕ್ಯಾಮೆರಾ ಹಿಡಿದು ಬಂದ. ಬೀದಿಯ ಸಮೀಕ್ಷೆಗೆ ನಗರಸಭೆ ನೇಮಿಸಿದವನು ಎಂದು ರೂತಮ್ಮ ಹೇಳಿದಳು. ಆತ ಎದುರಿನ ಮುರಿದ ದೀಪದ ಕಂಬದ ಫೋಟೋ ತೆಗೆದ, ಪಕ್ಕದ ಮುಚ್ಚಿದ ಬೇಕರಿಯದು ತೆಗೆದ, ನಮ್ಮ ಬಾಗಿಲ ಕಡೆಗೂ ಬಾಗಿ ಒಂದು ತೆಗೆದ. ಮಲ್ಲಣ್ಣ ಗಾಜಿನ ಒಳಗಿನಿಂದ ಕೈ ಬೀಸಿದ. ಗಾಜಿನ ಮೇಲೆ ಬಿಸಿಲು ಬಿದ್ದಿತ್ತು, ಆತನಿಗೆ ಕಂಡಿತೋ ಇಲ್ಲವೋ. ಮುಂದಿನ ಕಟ್ಟಡಕ್ಕೆ ಹೋದ.

"ಒಳಗ ಬಾ ಅಂತ ಕರೀಬೇಕಿತ್ತು," ಎಂದೆ.

ರೂತಮ್ಮ ಹೆಗಲು ಹಾರಿಸಿದಳು. ಆತ ಈ ವಾರ ಪೂರ್ತಿ ಈ ಬೀದಿಯಲ್ಲೇ ಇದ್ದನಂತೆ. ಯಾರ ಬಾಗಿಲನ್ನೂ ತೆಗೆದಿರಲಿಲ್ಲ.

ನಗರಸಭೆ

ನಮ್ಮ ಪಂಚಾಯಿತಿ ಸಭೆಯಲ್ಲಿ ಯಾರ ಗಂಟಲು ದೊಡ್ಡದೋ ಅವರದೇ ಸಭೆ. ಅಲ್ಲಿ ಹಾಗಲ್ಲ. ಮಾತಾಡುವವರ ಮುಂದೆ ಒಂದು ಸಣ್ಣ ಪೆಟ್ಟಿಗೆ. ಮಾತು ಶುರುವಾದರೆ ಹಸಿರು ದೀಪ, ಮುಗಿಸು ಎನ್ನಲು ಹಳದಿ, ಮುಗಿಯಿತು ಎನ್ನಲು ಕೆಂಪು. ಮಲ್ಲಣ್ಣನಿಗೆ ಆ ಪೆಟ್ಟಿಗೆಯ ಮೇಲೆ ಪ್ರೀತಿ ಹುಟ್ಟಿತು. "ನಮ್ಮಲ್ಲೂ ಒಂದು ತರಸೂಣ್ರಿ ಅಕ್ಕಾರ," ಎಂದು ಎರಡು ಸಲ ಹೇಳಿದ.

ಮೊದಲು ಸಮೀಕ್ಷೆಯವನು ಎದ್ದ. ಗೋಡೆಯ ಮೇಲೆ ಚಿತ್ರ ಬಿಡುತ್ತ, ಒಂದು ಬೀದಿ ಹಾಳುಬಿದ್ದಿದೆ ಎಂದು ಹೇಗೆ ಗುರುತಿಸುವುದು ಎಂದು ತಾಳ್ಮೆಯಿಂದ ವಿವರಿಸಿದ. ಸೋರುವ ಚಾವಣಿ ಒಂದು ಲಕ್ಷಣ, ಮುಚ್ಚಿದ ಬಾಗಿಲು ಒಂದು, ಕತ್ತಲ ಮೂಲೆ ಒಂದು. ಕೆಟ್ಟವನ ಹಾಗೇನೂ ಕಾಣಲಿಲ್ಲ. ಮಾತು ಮೆದುವಾಗಿತ್ತು. ನಾನು ತೂಕಡಿಸುತ್ತಿದ್ದೆ. ಮಲ್ಲಣ್ಣ ತೊಡೆಗೆ ತಿವಿದ.

"ಅಕ್ಕಾರ! ನಿಮ್ಮ ಚಪ್ಪಲಿ!"

ನೋಡಿದರೆ ಗೋಡೆಯ ತುಂಬ ನನ್ನ ಚಪ್ಪಲಿ. ಸುರಪುರದಲ್ಲಿ ಹೊಲಿಸಿದ್ದು. ಎಡಗಾಲಿನದರ ಹಿಮ್ಮಡಿಗೆ ಹಾಕಿಸಿದ ಟೈರಿನ ತುಂಡೂ ಕಾಣುತ್ತಿತ್ತು. ಪಕ್ಕದಲ್ಲಿ ಮಲ್ಲಣ್ಣನ ಬೂಟು, ಅದರ ಪಕ್ಕ ಸುಧಾ ಮೇಡಂನದು. ಇಷ್ಟು ದೊಡ್ಡ ಸಭೆಯಲ್ಲಿ ತನ್ನ ಬೂಟು ಬಂದದ್ದಕ್ಕೆ ಮಲ್ಲಣ್ಣನಿಗೆ ಹಿಗ್ಗು. ಸುಧಾ ಮೇಡಂ ಮುಖ ಮಾತ್ರ ಬಿಳಚಿಕೊಂಡಿತ್ತು.

"ಏನಂತಾನ?" ಎಂದು ಕೇಳಿದೆ.

"ಮನಿ ಇಲ್ಲದ ಮಂದಿ ರಾತ್ರಿ ಈ ಬಾಗಿಲಾಗ ಮಲಗಿ, ಹರಕ ಚಪ್ಪಲಿ ಬಿಟ್ಟು ಹೋಗ್ಯಾರ ಅಂತಾನ್ರಿ. ಅದೂ ಒಂದು ಲಕ್ಷಣ ಅಂತ."

ಹರಕು ಎಂದದ್ದಕ್ಕೆ ಮೊದಲು ಸಿಟ್ಟು ಬಂತು. ಉಳಿದದ್ದು ನಿಧಾನಕ್ಕೆ ತಲೆಗೆ ಇಳಿಯಿತು.

ಆಮೇಲೆ ಜನ ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ರೂತಮ್ಮನ ಸರದಿ ಬಂತು. ಹಿಂದಿನ ದಿನವೆಲ್ಲ ಕನ್ನಡಿಯ ಮುಂದೆ ನಿಂತು ಮಾತು ಒಪ್ಪ ಮಾಡಿಕೊಂಡಿದ್ದಳು, ನಾನೇ ನೋಡಿದ್ದೆ. ತಾಯಿ ಆ ಅಂಗಡಿ ಇಟ್ಟದ್ದರಿಂದ ಶುರು ಮಾಡಿದಳು. ತಾಯಿಯ ಕಾಲ ಮುಗಿದು ತನ್ನ ಕಾಲಕ್ಕೆ ಬರುವಷ್ಟರಲ್ಲಿ ಕೆಂಪು ದೀಪ ಹತ್ತಿತು. ಮಾತು ಅರ್ಧಕ್ಕೇ ಬಿಟ್ಟು, ಅಲ್ಲಿನ ಅಧ್ಯಕ್ಷರಿಗೆ ಥ್ಯಾಂಕ್ಸ್ ಹೇಳಿ ಕೂತುಬಿಟ್ಟಳು. ಯಾರೂ ಗದರಲಿಲ್ಲ, ಯಾರೂ ತಡೆಯಲಿಲ್ಲ. ನಮ್ಮ ಕಡೆಯವಳಾಗಿದ್ದರೆ ಆ ಪೆಟ್ಟಿಗೆಯನ್ನೇ ಎತ್ತಿ ಒಗೆಯುತ್ತಿದ್ದಳು. ಆಕೆ ಹಾಗೆ ಸುಮ್ಮನೆ ಕೂತದ್ದನ್ನು ನೋಡಿ ನಾನು ಸುಧಾ ಮೇಡಂ ಮೊಣಕೈ ಹಿಡಿದು ಎಳೆದೆ.

"ಸುಧಾ ಮೇಡಂ, ಏಳ್ರಿ," ಎಂದೆ. "ನಂದೂ ಎರಡು ಮಾತು ಅದಾವ."

ಎದ್ದು ನಿಂತೆ. ಹಸಿರು ದೀಪ ಹತ್ತಿತು.

"ಆ ಫೋಟೋದಾಗಿನ ಚಪ್ಪಲಿ ನಂದು. ಅಲ್ಲಿ ಯಾರೂ ಮಲಗಿರಲಿಲ್ಲ. ನಾವು ಮೂರೂ ಮಂದಿ ಒಳಗ ಕೂತು ಚಾ ಕುಡಿಯಾಕತ್ತಿದ್ವಿ. ನಮ್ಮ ಕಡೀಗಿ ಚಪ್ಪಲಿ ಮೆಟ್ಟಿಕೊಂಡು ಅಂಗಡ್ಯಾಗ ಹೋಗಂಗಿಲ್ಲ. ಬಾಗಿಲ ಮುಂದ ಚಪ್ಪಲಿ ಅದಾವಂದ್ರ ಒಳಗ ಗಿರಾಕಿ ಅದಾರಂತ ಅರ್ಥ. ಎಷ್ಟು ಚಪ್ಪಲಿ ಇರ್ತಾವೋ ಅಷ್ಟು ಅಂಗಡಿ ಛಲೋ ನಡದದಂತ ಲೆಕ್ಕ. ಇವರು ಬಾಗಲಾ ತಗದು ಒಳಗ ಬಂದಿದ್ರ ಇವರಿಗೂ ಚಾ ಸಿಗ್ತಿತ್ತು."

ಸುಧಾ ಮೇಡಂ ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಿರುವಾಗಲೇ ಕೆಂಪು ಬಂತು. ಅತಿಥಿಗಳೆಂದು ಅಧ್ಯಕ್ಷರು ಮುಗಿಸಲು ಬಿಟ್ಟರು. ಚಹದ ಮಾತಿಗೆ ಇಡೀ ಸಭೆ ಗೊಳ್ಳೆಂದು ನಕ್ಕಿತು. ಸಮೀಕ್ಷೆಯವನು ಕಿವಿಯವರೆಗೆ ಕೆಂಪಾಗಿ, ಎದ್ದು ನಿಂತು ನನ್ನ ಕ್ಷಮೆ ಕೇಳಿದ. ಆ ಫೋಟೋ ತೆಗೆದುಹಾಕುತ್ತೇನೆ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಲ್ಲಣ್ಣನೂ ತಟ್ಟಿದ.

ಆಮೇಲೆ ನಗರಸಭೆ ಸದಸ್ಯರ ಕೈ ಎತ್ತಿಸಿದರು. ಎಲ್ಲ ಕೈಗಳೂ ಪರವಾಗಿ ಎದ್ದವು. ಉಳಿದ ಲಕ್ಷಣಗಳೇ ಸಾಕಾಗಿದ್ದವಂತೆ. ನನ್ನ ಚಪ್ಪಲಿ ವರದಿಯಿಂದ ಹೊರಗೆ ಬಂತು, ರೂತಮ್ಮನ ಅಂಗಡಿ ಒಳಗೇ ಉಳಿಯಿತು.

ಕಾಲುವೆಯ ದಂಡೆ

ವಾಪಸು ಕಾಲುವೆಯ ದಂಡೆಗುಂಟ ನಡೆದೇ ಬಂದೆವು. ರೂತಮ್ಮ ಅಳಲಿಲ್ಲ. ನನ್ನ ತೋಳಿನಲ್ಲಿ ತೋಳು ಹಾಕಿಕೊಂಡು, ನಿನ್ನ ಮಾತು ಚೆನ್ನಾಗಿತ್ತು ಎಂದಳು. ಅಷ್ಟು ಹೊತ್ತಿನಿಂದ ನುಂಗಿಕೊಂಡಿದ್ದ ನನಗೆ ಇನ್ನು ತಡೆಯಲಾಗಲಿಲ್ಲ.

"ಸುಧಾ ಮೇಡಂ, ಆಕಿಗಿ ಖರೆ ಹೇಳಿಬಿಡ್ರಿ. ನಮ್ಮೂರಾಗ ಇದ ಕೆಲಸಕ್ಕ ಕೈ ಎತ್ತಾಕಿ ನಾನ. ನನಗ ಹೊಸ ಮಳಿಗಿ ಸಿಗ್ತದ."

ಸುಧಾ ಮೇಡಂ ಹೇಳಲೋ ಬೇಡವೋ ಎಂದು ನೋಡಿ, ಹೇಳಿದರು. ರೂತಮ್ಮ ತೋಳು ಬಿಡಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ ಏನೋ ಕೇಳಿದಳು.

"ನಿಮ್ಮೂರಾಗಿನ ಬಾಡಗಿ ಮಂದಿ ಪರವಾಗಿ ಯಾರು ಎದ್ದು ನಿಂದರ್ತಾರ ಅಂತ ಕೇಳಾಕತ್ಯಾಳ್ರಿ."

"ಅವರ ಬರ್ತಾರ," ಎಂದೆ. "ನಮ್ಮ ಮಂದಿ ಭಾಳ ಗಟ್ಟಿ ಮಾತಾಡ್ತಾರ."

ರೂತಮ್ಮನಿಗೆ ಸಮಾಧಾನವಾದ ಹಾಗೆ ಕಂಡಿತು. ನನಗೆ ಆಗಲಿಲ್ಲ. ಮಾರನೆಯ ಬೆಳಿಗ್ಗೆ ನಾವು ಹೊರಡುವಾಗ ಆಕೆ ಎಂದಿನಂತೆ ಅಂಗಡಿ ತೆಗೆದು, ಗಾಜು ಒರೆಸುತ್ತಿದ್ದಳು. ಕೆಡವುವ ಅಂಗಡಿಯ ಗಾಜನ್ನು ಅಷ್ಟು ಚಂದ ಒರೆಸಿದ್ದನ್ನು ನಾನು ನೋಡಲಾರದೆ ಕಾರಿನಲ್ಲಿ ಕೂತೆ.

ವಿಮಾನದಲ್ಲಿ ಮಲ್ಲಣ್ಣ ಪಕ್ಕದಲ್ಲೇ ಇದ್ದ. "ಎಷ್ಟು ಶಿಸ್ತಿಲೆ ಮುಗಸಿಬಿಟ್ರು ನೋಡ್ರಿ ಅಕ್ಕಾರ. ಒಂದು ಗದ್ದಲ ಇಲ್ಲ, ಏನಿಲ್ಲ," ಎಂದ. ನನಗೆ ವಾದ ಮಾಡುವ ತ್ರಾಣವಿರಲಿಲ್ಲ. ಕಂಬಳಿ ಮುಖದ ಮೇಲೆ ಎಳೆದುಕೊಂಡೆ.

ನಮ್ಮೂರು

ದೇಶಾಂತರದಿಂದ ಬಂದವರನ್ನು ಊರು ವಾರದ ಮಟ್ಟಿಗೆ ಗೌರವದಿಂದ ನೋಡುತ್ತದೆ. ಅಲ್ಲಿ ಏನು ತಿಂದಿರಿ, ಎಷ್ಟು ಚಳಿ, ಮಂದಿ ಎಷ್ಟು ಬೆಳ್ಳಗಿದ್ದಾರೆ ಎಂದು ಕೇಳುತ್ತಾರೆ. ಎಲ್ಲಕ್ಕೂ ಉತ್ತರ ಹೇಳಿ ಹೇಳಿ ದವಡೆ ನೊಂದಿತು. ವಾರ ಮುಗಿಯುವಷ್ಟರಲ್ಲಿ ಹಳೇ ಬಜಾರಿನ ಸಭೆಯ ದಿನ ಬಂತು. ತಕರಾರು ಇದ್ದವರು ಬಂದು ಹೇಳಬಹುದು ಎಂದು ಪಂಚಾಯಿತಿಯ ಬಾಗಿಲಿಗೆ ನೋಟಿಸು ಅಂಟಿಸಿತ್ತು.

ಸಭೆಗೆ ಹೋಗುವ ದಾರಿಯಲ್ಲಿ ಬಾಷಾಸಾಬನ ಅಂಗಡಿ. ತಿದಿ ಒತ್ತುತ್ತ ಕೂತಿದ್ದ. ಕೆಂಡದ ಮೇಲೆ ಯಾರದೋ ಮದುವೆಯ ಹಂಡೆ.

"ಬಾಷಾಸಾಬ, ಇವತ್ತ ಸಭಾ ಅದ. ಗೊತ್ತದ ಇಲ್ಲ?"

"ಗೊತ್ತದರಿ ಅಕ್ಕಾ."

"ಮತ್ತ ಬರಂಗಿಲ್ಲೇನು?"

ತಿದಿ ನಿಲ್ಲಿಸಿ, ನನ್ನ ಕಡೆ ನೋಡಿ ನಕ್ಕ. "ಅಲ್ಲಿ ಬಂದು ನಾವೇನು ಹೇಳೂದ್ರಿ? ನಮ್ಮ ಬಜಾರದವರು ಅಂತ ನೀವ ಒಳಗ ಅದೀರಲ್ಲ. ನಮಗ ಅಷ್ಟ ಸಾಕು."

ನಾನು ಮುಂದೆ ನಡೆದೆ. ಸೆರಗಿನಿಂದ ಬೆವರು ಒರೆಸಿಕೊಂಡೆ.

ಸಭೆಯಲ್ಲಿ ಸಾರ್ವಜನಿಕರಿಗೆಂದು ಹಿಂದೆ ಸಾಲಾಗಿ ಕುರ್ಚಿ ಹಾಕಿದ್ದರು. ಒಂದರಲ್ಲೂ ಜನ ಇರಲಿಲ್ಲ. ಸದಸ್ಯರೂ ಕೋರಂಗೆ ಬೇಕಾದಷ್ಟೇ ಬಂದಿದ್ದರು, ಮದುವೆಯ ದಿನಗಳು. ಮಲ್ಲಣ್ಣ ಪ್ರಸ್ತಾವ ಓದಿದ. ಅಮೆರಿಕದ ಮಾತು ನಡುವೆ ನಾಲ್ಕು ಸಲ ತಂದ. ಕೊನೆಗೆ ಖಾಲಿ ಕುರ್ಚಿಗಳ ಕಡೆ ನೋಡಿ, "ಯಾರದರೆ ತಕರಾರ ಅದ ಏನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ, "ಇಲ್ಲ. ಹಂಗಾದ್ರ ಕೈ ಎತ್ತರಿ," ಎಂದ.

ಕೈಗಳು ಎದ್ದವು. ನಾನು ಎದ್ದು ನಿಂತೆ.

"ಅಕ್ಕಾರ, ಕುಂತಲ್ಲೇ ಕೈ ಎತ್ತಿದ್ರ ನಡೀತದ," ಎಂದ ಮಲ್ಲಣ್ಣ.

"ಬಾಡಗಿ ಮಂದಿಗಿ ಏನು ಕೊಡ್ತೀವಂತ ಇದರಾಗ ಇಲ್ಲ."

"ಅದು ಆಮ್ಯಾಲ ನೋಡಿದ್ರಾತು. ಅವರು ಕೇಳಾಕ ಬಂದಿಲ್ಲಲ್ಲ."

"ಅವರು ಬಂದಿಲ್ಲಂದ್ರ ನಾವ ಹೋಗೂಣು."

"ಎಲ್ಲಿಗಿ?"

"ಬಜಾರಕ್ಕ. ಒಬ್ಬೊಬ್ಬರ ಅಂಗಡ್ಯಾಗ ಕೂತು ಕೇಳೂಣು. ಕೇಳಿ ಬಂದ ಮ್ಯಾಲ ಕೈ ಎತ್ತತೀನಿ."

ಮಲ್ಲಣ್ಣನ ಮುಖ ಕೆಂಪಾಯಿತು. "ಅಕ್ಕಾರ, ನಿಮ್ಮ ಮಳಿಗಿ ಕೈ ಬಿಟ್ಟು ಹೋಗ್ತದ. ವಿಚಾರ ಮಾಡ್ರಿ. ನೀವ ಹೇಳತಿದ್ರಿ, ಮಣ್ಣು ಬಳದು ಬಳದು ಸಾಕಾಗ್ಯದ ಅಂತ."

"ಖರೆ. ಇನ್ನೂ ಸಾಕಾಗೇ ಅದ," ಎಂದೆ.

ಹೇಳುವಾಗ ನನಗೆ ಧೈರ್ಯವೇನೂ ಇರಲಿಲ್ಲ. ಹೊಸ ಮಳಿಗೆಯ ಗಾಜಿನ ಬಾಗಿಲನ್ನು ಎಷ್ಟು ರಾತ್ರಿ ಕನಸು ಕಂಡಿದ್ದೆನೋ ಅಷ್ಟೂ ಕಣ್ಣ ಮುಂದೆ ಬಂತು. ಮೊಣಕಾಲು ಹಿಡಿದುಕೊಂಡಿತ್ತು. ಚೀಲ ಹೆಗಲಿಗೆ ಹಾಕಿಕೊಂಡು ಖಾಲಿ ಕುರ್ಚಿಗಳ ಸಾಲು ದಾಟಿ ಬಾಗಿಲ ಕಡೆ ನಡೆದೆ. ನಾನು ಹೊರಗೆ ಹೋದರೆ ಕೋರಂ ಇಲ್ಲ, ಠರಾವೂ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಎರಡು ಮೆಟ್ಟಿಲು ಇಳಿದಿದ್ದೆ. ಒಳಗೆ ಒಂದು ಕುರ್ಚಿ ಸರಿದ ಸದ್ದಾಯಿತು, ಆಮೇಲೆ ಇನ್ನೊಂದು.

"ನಿಂದರ್ರಿ ಅಕ್ಕಾರ," ಎಂದು ಮಲ್ಲಣ್ಣ ಬೈದುಕೊಳ್ಳುತ್ತಲೇ ಕೂಗಿದ, "ಬಂದೆ."